ಅರ್ಧ ಬಡಿದ ಕೊಡ

ಮಠದಲ್ಲಿ ಭತ್ತ ಕುಟ್ಟುವ ಮರುಳಯ್ಯ ಗುರುಗಳ ಮುಂದೆ ಕೈಮುಗಿದು ಕೇಳಿದ: “ಬುದ್ಧಿ, ಧ್ಯಾನಕ್ಕೆ ಕೂತವರೆಲ್ಲ ಒಳಗಿನ ನಾದ ಕೇಳಿತು ಎನ್ನುತ್ತಾರೆ. ಹನ್ನೆರಡು ವರ್ಷವಾಯಿತು, ನನಗೆ ಒನಕೆಯ ಸದ್ದು ಬಿಟ್ಟು ಬೇರೇನೂ ಕೇಳಿಸಿಲ್ಲ. ನಾನು ಮಠ ಬಿಟ್ಟು ಹೋಗಲೇ?”

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ವೈಣಿಕನಿದ್ದ. ಪಟ್ಟಣದ ಸದ್ದುಗಳಿಂದಲೇ ಒಂದು ಮೇಳಸಂಗೀತ ಕಟ್ಟುತ್ತೇನೆಂದು ಹೊರಟ. ಹತ್ತಿ ಹಿಂಜುವವನ ಬಿಲ್ಲಿನ ಮಿಡಿತವನ್ನು ವೀಣೆಗೆ ತಂದ. ಒಂದು ಎನ್ನುವ ಬದಲು ಲಾಭ ಎನ್ನುತ್ತ, ‘ಲಾಭ, ಎರಡು, ಮೂರು’ ಎಂದು ಕಾಳು ಅಳೆಯುವವನ ರಾಗವನ್ನು ಕೊಳಲಿಗೆ ಕೊಟ್ಟ. ಅಗಸರ ಕಲ್ಲಿನ ಸದ್ದು ಮದ್ದಲೆಗೆ ಹೋಯಿತು. ಕಂಚುಗಾರರ ಬೀದಿಯ ಛತ್ರದಲ್ಲಿ ನಲವತ್ತು ಮಂದಿ ಆರು ತಿಂಗಳು ಅಭ್ಯಾಸ ಮಾಡಿದರು. ವೈಣಿಕ ಅರಸನಿಗೆ ಮಾತು ಕೊಟ್ಟ: “ಇದು ಕೆಟ್ಟರೆ ನಾನು ಮತ್ತೆ ವೀಣೆ ಮುಟ್ಟುವುದಿಲ್ಲ.”

ಮೇಳದ ದಿನ ಬಂತು. ಸಂಗೀತಕ್ಕೆ ಭಂಗ ಬರಬಾರದೆಂದು ಅರಸ ಡಂಗುರ ಹೊಡೆಸಿ ಇಡೀ ಪಟ್ಟಣದ ಕೆಲಸ ನಿಲ್ಲಿಸಿದ. ಅರಸರ ಜಾಣತನ ಅಂಥದು. ಜನ ಛತ್ರಕ್ಕೆ ಬಂದು ಕೂತರು. ಮೇಳ ಶುರುವಾಗಿ ನಾಲ್ಕು ಆವರ್ತ ದಾಟಲಿಲ್ಲ, ತಾಳ ತಪ್ಪಿತು; ಎತ್ತು ಏರಿಗೆ, ಕೋಣ ನೀರಿಗೆ. ಮತ್ತೆ ಶುರು ಮಾಡಿದರು, ಮತ್ತೆ ತಪ್ಪಿತು. ವೈಣಿಕ ವೀಣೆ ಕೆಳಗಿಟ್ಟು ಕಿಟಕಿಯತ್ತ ಕಿವಿಗೊಟ್ಟ. ಆಗ ಅವನಿಗೆ ಹೊಳೆಯಿತು. ಆರು ತಿಂಗಳೂ ಅವರಿಗೆ ತಾಳ ಹಾಕಿದ್ದು ಕಿಟಕಿಯಾಚೆಯ ಕಂಚುಗಾರನ ಸುತ್ತಿಗೆ.

ಅವನು ಎದ್ದು, ಕೊನೆಯ ಸಾಲಿನಲ್ಲಿ ಕೂತಿದ್ದ ಮುದಿ ಕಂಚುಗಾರನ ಬಳಿಗೆ ಹೋದ. “ಯಜಮಾನರೇ, ಅಂಗಡಿಗೆ ಹೋಗಿ ಕೆಲಸ ಶುರು ಮಾಡಿ.”

“ಕೊಡ ಒಂದು ಅರ್ಧ ಬಡಿದು ಇಟ್ಟಿದ್ದೀನಿ ಸ್ವಾಮಿ. ಇವತ್ತಾದರೂ ಸಂಗೀತ ಕೇಳೋಣ ಅಂತ ಬಂದೆ.”

ಕಂಚುಗಾರ ವೈಣಿಕನ ಮುಖ ನೋಡಿದ. ಎದ್ದು ಅಂಗಡಿಗೆ ಹೋದ.

ಸುತ್ತಿಗೆ ಶುರುವಾಯಿತು. ಮೇಳ ಎದ್ದಿತು. ಹತ್ತಿ ಹಿಂಜುವವನು ವೀಣೆಯಲ್ಲಿ ತನ್ನ ಬಿಲ್ಲನ್ನು ಕೇಳಿ ಬೆರಗಾಗಿ ಎದ್ದು ನಿಂತುಬಿಟ್ಟ. ಅಗಸಗಿತ್ತಿ ಕಣ್ಣೊರೆಸಿಕೊಂಡಳು. ತಾವು ದಿನವೂ ಮಾಡುವ ಸದ್ದು ಇಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ. ಅರಸ ಪೀಠದಿಂದ ಇಳಿದು ನೆಲದ ಮೇಲೆ ಕೂತ.

ಮೇಳವೂ ಮುಗಿಯಿತು, ಕೊಡವೂ ಮುಗಿಯಿತು. ಕಂಚುಗಾರ ಓಡಿಬಂದಾಗ ಜನ ಚದುರಿದ್ದರು. ವೈಣಿಕ ಒಬ್ಬನೇ ಬಾಗಿಲಲ್ಲಿ ಕಾದಿದ್ದ. ಬಂದವನ ಕಾಲಿಗೆ ಅಡ್ಡಬಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ: “ಪಾಪ, ಆ ಕಂಚುಗಾರನಿಗೆ ಏನೂ ಕೇಳಿಸಲೇ ಇಲ್ಲವೇ ಬುದ್ಧಿ?”

ಗುರುಗಳು ಹೇಳಿದರು: “ನಿನ್ನ ಒನಕೆ ನಿಂತ ದಿನ, ಧ್ಯಾನಕ್ಕೆ ಕೂತವರಿಗೂ ಕೇಳಿಸುವುದಿಲ್ಲ.”