ಸೊನ್ನೆ ಕಲ್ಲಿನ ಕೆಳಗೆ ಎರಡೂವರೆ

"ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಜೊತೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಕೊಟ್ರ ಅರಮನೆಗೆ ಹೊರಟ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಗಳ ಮನೆತನ ಅವನದು. ಪದ್ಮಲೆ ತೂಬಿಗೆ ಹೊಸ ಯಂತ್ರ ಕೂರಿಸಿದ್ದಳು. ಅದಕ್ಕೆ ತಿಳಿಯುವುದು ಜಾವಾಸ್ಕ್ರಿಪ್ಟ್ ಎಂಬ ಭಾಷೆ ಒಂದೇ. ಕೆರೆಯ ಮೆಟ್ಟಿಲುಗಳ ನಡುವೆ ಒಂದು ಸೊನ್ನೆ ಕಲ್ಲು; ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಒಂದು, ಎರಡು ಎಂದು ಮೆಟ್ಟಿಲುಗಳ ಎಣಿಕೆ. ನೀರು ಅದರ ಮೇಲಿರಲಿ ಕೆಳಗಿರಲಿ, ಯಂತ್ರ ಹತ್ತಿರದ ಮೆಟ್ಟಿಲಿನ ಅಂಕಿ ಕೂಗುತ್ತಿತ್ತು. ಇನ್ನು ನೀರುಗಂಟಿ ಯಾಕೆ ಎಂದು ಊರು ಆಡಿಕೊಳ್ಳುತ್ತಿತ್ತು. ಅದು ಕೊಟ್ರನಿಗೆ ತಲೆ ಹೋಗುವುದಕ್ಕಿಂತ ದೊಡ್ಡ ಅವಮಾನ.

"ನೀರುಗಂಟಿಗೆ ಇಲ್ಲೇನೋ ಕೆಲಸ?" ಬಾಗಿಲ ಕಾವಲಿನವನು ಗದರಿದ.

"ನೀರುಗಂಟಿ ಬರಬಾರದು ಅಂತ ಡಂಗುರದಲ್ಲಿ ಹೇಳಲಿಲ್ವಲ್ಲ," ಎಂದು ಕೊಟ್ರ ಎದೆ ಸೆಟೆಸಿಯೇ ಒಳಗೆ ನಡೆದ.

ಸಭೆಯಲ್ಲಿ ಒಗಟು ಬಿಡಿಸಲು ನಿಂತ ಮೂವರನ್ನು ಪದ್ಮಲೆ ಕೇಳಿದಳು: "ನೀರು ನಾಲ್ಕನೇ ಮೆಟ್ಟಿಲು ದಾಟಿದೆ. ನಾಲ್ಕೂವರೆಗೆ ಕೂದಲೆಳೆಯಷ್ಟು ಕಡಿಮೆ. ಯಂತ್ರ ಏನು ಕೂಗುತ್ತದೆ?"

ನೆರೆರಾಜ್ಯದ ಯುವರಾಜ ಮೀಸೆ ತಿರುವಿದ. "ಹೆಚ್ಚುಕಡಿಮೆ ನಾಲ್ಕೂವರೆ. ನಾಲ್ಕೂವರೆ ಅಂದರೆ ಐದು!"

ಭಟರು ಅವನನ್ನು ಎಳೆದೊಯ್ದರು. ಸೇನಾಪತಿಯ ಮಗನೂ ಕೊಟ್ರನೂ "ನಾಲ್ಕು" ಎಂದು ಉಳಿದುಕೊಂಡರು.

"ಸರಿಯಾಗಿ ನಾಲ್ಕೂವರೆಯಲ್ಲೇ ನಿಂತರೆ?"

ಇಬ್ಬರೂ "ಐದು" ಎಂದರು. ಅದೂ ಸರಿ.

"ಈಗ ನೀರು ಇಳಿದಿದೆ. ಸೊನ್ನೆ ಕಲ್ಲಿನ ಕೆಳಗೆ ಸರಿಯಾಗಿ ಎರಡೂವರೆ. ಕೊಟ್ರ, ನೀನೇ ಮೊದಲು ಹೇಳು."

"ಕೆಳಗೆ ಎರಡು."

ಸಭೆ ಗೊಳ್ಳೆಂದು ನಕ್ಕಿತು. ಆದರೂ ಕೊಟ್ರ ಮಾತು ಬದಲಿಸಲಿಲ್ಲ.

"ಅರ್ಧವಾದರೆ ದೊಡ್ಡ ಅಂಕಿ ತಾನೆ? ಕೆಳಗೆ ಮೂರು!" ಎಂದ ಸೇನಾಪತಿಯ ಮಗ.

ಪದ್ಮಲೆ ಎದ್ದು ನಿಂತಳು. "ಕೊಟ್ರ ಗೆದ್ದ. ಮೊದಲ ಒಗಟಿನಲ್ಲಿ ನೀರು ಅರ್ಧಕ್ಕೇ ಬಂದಿರಲಿಲ್ಲ, ಹತ್ತಿರದ್ದು ನಾಲ್ಕೇ. ಸರಿಯಾಗಿ ಅರ್ಧಕ್ಕೆ ನಿಂತಾಗ, ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ, ಯಂತ್ರ ಹಿಡಿಯುವುದು ಮೇಲಿನ ಮೆಟ್ಟಿಲನ್ನು. ನಾಲ್ಕೂವರೆಗೆ ಅದು ಐದು. ಸೊನ್ನೆಯ ಕೆಳಗೆ ಎರಡೂವರೆಗೆ, ಮೂರಕ್ಕಿಂತ ಮೇಲಿರುವ ಎರಡು."

"ನಿನಗೆ ಹೇಗೆ ಗೊತ್ತಾಯಿತು?" ಅರಸ ಬೆರಗಾಗಿ ಕೊಟ್ರನನ್ನು ಕೇಳಿದ.

"ಬೇಸಿಗೇಲಿ ನೀರು ಅಲ್ಲಿಗೇ ಇಳೀತದೆ ಬುದ್ಧೀ. ಯಂತ್ರ ಎರಡು ಅಂದಾಗ ನಾನೂ ಮೂರು ಅಂತ ವಾದಿಸಿ ಅದನ್ನೇ ಬೈದಿದ್ದೆ. ಆಮೇಲೆ ದಿನಾ ಕಿವಿಗೊಟ್ಟು ಕಲಿತೆ. ತಪ್ಪಿದಾಗ ನನ್ನ ತಲೆ ಯಾರೂ ಕೇಳಲಿಲ್ಲ. ಅವರಿಬ್ಬರನ್ನೂ ಬಿಟ್ಟುಬಿಡಿ."

ಪದ್ಮಲೆ ನಕ್ಕು ತಲೆಯಾಡಿಸಿದಳು. ಅರಸ ಇಬ್ಬರನ್ನೂ ಬಿಡಿಸಿ, ಡಂಗುರದವನನ್ನು ಕರೆಸಿದ. "ಅರ್ಧ ರಾಜ್ಯದ ದೊರೆ ನೀನು. ಯಾವ ಬಿರುದು ಸಾರಿಸಲಿ?"

"ನೀರುಗಂಟಿ ಕೊಟ್ರ ಅಂತಲೇ ಸಾರಿಸಿ ಬುದ್ಧೀ. ಅರಮನೆ ಬಾಗಿಲ ಹತ್ರ ಸ್ವಲ್ಪ ಜೋರಾಗಿ."