ಉಂಡೆಹಾವಿನ ಮೈಗೆ ಹೊನ್ನು ಬಂದದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ, ಪುಟ್ಟೀ. ಬೆಟ್ಟಗಳ ಮೈಯ ಹಸಿ ಆರಿರಲಿಲ್ಲ. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಎದುರಾದ ಕಲ್ಲನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು.

ಆಗ ಒಂದು ದಿನ ಸೂರ್ಯ ಎಲ್ಲರನ್ನೂ ಕರೆದು ಬಣ್ಣ ಹಂಚಿದ. ಗಿಳಿ ಹಸಿರು ತೆಗೆದುಕೊಂಡಿತು. ಮಿಂಚುಳ್ಳಿ ನೀಲಿ ತೆಗೆದುಕೊಂಡಿತು. ಹುಲಿ ಎರಡು ಬಣ್ಣ ಕೇಳಿ ಪಡೆಯಿತು. ಉಂಡೆಹಾವು ಮಾತ್ರ ಹೋಗಲಿಲ್ಲ. ಹೆಬ್ಬಾವಿನ ಜಾತಿಯಲ್ಲೇ ಚಿಕ್ಕದು ಅದು, ಬಲು ನಾಚಿಕೆಯದು. ಅಷ್ಟೊಂದು ಗದ್ದಲ ಕೇಳಿ ಹೆದರಿ, ತಲೆಯನ್ನು ಒಳಗೆ ಬಚ್ಚಿಟ್ಟು, ಮೈಯನ್ನು ಉಂಡೆ ಮಾಡಿಕೊಂಡು ಬಿಲದಲ್ಲೇ ಉಳಿಯಿತು. ಹೀಗಾಗಿ ಅದರ ಮೈ ಮಣ್ಣಿನ ಬಣ್ಣವಾಗಿಯೇ ಇತ್ತು.

ಹೊಳೆಯ ದಂಡೆಯಲ್ಲಿ ಕೆಂಚವ್ವ ಎಂಬ ಹೆಂಗಸು ಈ ಹಾವುಗಳನ್ನು ಸಾಕಿದ್ದಳು. ದೊಡ್ಡ ಗಡಿಗೆಗಳಲ್ಲಿ ಒದ್ದೆ ಹೊಟ್ಟು ಹಾಸಿ, ಒಂದೊಂದಕ್ಕೂ ಒಂದೊಂದು ಮನೆ ಮಾಡಿಕೊಟ್ಟಿದ್ದಳು. ಅವು ಅವಳ ಜೋಳದ ಕಣಜಕ್ಕೆ ಇಲಿ ಬಾರದಂತೆ ಕಾಯುತ್ತಿದ್ದವು. ಕೆಲಸ ಮುಗಿದ ಮೇಲೆ ಅವಳ ಮುಂಗೈಗೆ ಸುತ್ತಿಕೊಂಡು ಕೂರುತ್ತಿದ್ದವು. ಎಲ್ಲವೂ ನೋಡಲು ಒಂದೇ ಥರ. ಆದರೂ ಕೆಂಚವ್ವ ಕಣ್ಣು ಮುಚ್ಚಿ ಮುಟ್ಟಿದರೂ ಇಂಥದ್ದೇ ಎಂದು ಹೇಳುತ್ತಿದ್ದಳು.

ಅವಳಿಗೆ ಇದ್ದ ಸಂಕಟ ಒಂದೇ. ಸುಗ್ಗಿಯಲ್ಲಿ ಇಲಿ ಹಿಡಿಯಲು ಹಾವುಗಳು ಕಣಕ್ಕೆ ಹೋಗುತ್ತಿದ್ದವು. ಮಣ್ಣಿನ ಮೇಲೆ ಮಣ್ಣಿನ ಬಣ್ಣದ ಹಾವು ಎತ್ತುಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಪ್ರತಿ ಸುಗ್ಗಿಯಲ್ಲೂ ಒಂದೋ ಎರಡೋ ಗೊರಸಿನಡಿ ಸಿಕ್ಕಿ ಸಾಯುತ್ತಿದ್ದವು. ಆ ವರ್ಷ ಸತ್ತದ್ದು ಅವಳು ಎಲ್ಲಕ್ಕಿಂತ ಮೊದಲು ಸಾಕಿದ ಮುದಿ ಹಾವು. ಅದನ್ನು ಬೇವಿನ ಬುಡದಲ್ಲಿ ಮಣ್ಣು ಮಾಡಿ, ಕೆಂಚವ್ವ ನೆಟ್ಟಗೆ ಬೆಟ್ಟ ಹತ್ತಿ ಸೂರ್ಯನ ಬಳಿ ಹೋದಳು. ನನ್ನ ಹಾವುಗಳಿಗೂ ಒಂದಿಷ್ಟು ಬಣ್ಣ ಕೊಡು ಎಂದು ಕೇಳಿದಳು. ಸೂರ್ಯ ಬರಿದಾದ ಬಟ್ಟಲುಗಳನ್ನು ಮಗುಚಿ ತೋರಿಸಿದ. ಪಾಪ, ಅವನೇನು ಮಾಡಿಯಾನು.

ಪಕ್ಕದ ಮನೆಯ ಕುಂಬಾರ ದ್ಯಾವಪ್ಪ ಇದನ್ನು ಕೇಳಿ, ಇಷ್ಟಕ್ಕೆ ಯಾಕೆ ಚಿಂತೆ ಎಂದು ಗಡಿಗೆಗೆ ಬಳಿಯುವ ಕೆಮ್ಮಣ್ಣು ತಂದ. ಒಂದು ಹಾವಿನ ಮೈಗೆ ಚೆಂದದ ಪಟ್ಟೆ ಬರೆದ. ಹದಿನೈದು ದಿನ ಎಲ್ಲರೂ ನೋಡಿ ಮೆಚ್ಚಿದರು. ಆಮೇಲೆ ಹಾವು ಪೊರೆ ಬಿಟ್ಟಿತು. ಪಟ್ಟೆಗಳೆಲ್ಲ ಪೊರೆಯ ಜೊತೆಗೇ ಹೋದವು. ಒಳಗಿನಿಂದ ಅದೇ ಮಣ್ಣಿನ ಬಣ್ಣದ ಹಾವು ಹೊರಗೆ ಬಂದಿತು.

ಮರುವರ್ಷ ಒಂದು ಗಂಡು ಮರಿ ಹುಟ್ಟಿತು. ಅದರ ಕುತ್ತಿಗೆಯ ಮೇಲೆ ಜೋಳದ ಕಾಳಿನಷ್ಟು ಹಳದಿ ಮಚ್ಚೆ ಇತ್ತು. ಪೊರೆ ಬಿಟ್ಟರೂ ಆ ಮಚ್ಚೆ ಹೋಗಲಿಲ್ಲ. ಕೆಂಚವ್ವ ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು. ಮೂರು ವರ್ಷ ಜತನದಿಂದ ಬೆಳೆಸಿ, ಒಂದು ಒಳ್ಳೆಯ ಹೆಣ್ಣಿನ ಜೊತೆ ಬಿಟ್ಟಳು. ಆ ಹೆಣ್ಣು ಆರು ಮೊಟ್ಟೆಯಿಟ್ಟು, ಎರಡು ತಿಂಗಳು ಊಟ ಬಿಟ್ಟು, ಅವುಗಳನ್ನು ಸುತ್ತಿಕೊಂಡು ಕಾವು ಕೊಟ್ಟಿತು. ಆರು ಮೊಟ್ಟೆ ಒಡೆದವು. ಆರೂ ಮಣ್ಣಿನ ಬಣ್ಣದ ಮರಿಗಳು.

ಕೆಂಚವ್ವ ಹೊಳೆಯ ದಂಡೆಗೆ ಹೋಗಿ ಕೂತಳು. ಇನ್ನು ಈ ಹುಚ್ಚು ಸಾಕು ಎಂದುಕೊಂಡಳು. ಹೊಳೆ ಅವಳ ಪಾದದ ಹತ್ತಿರ ಬಂದು ನಿಂತು, ಯಾಕವ್ವ ಎಂದು ಕೇಳಿತು. ಅವಳು ಎಲ್ಲ ಹೇಳಿಕೊಂಡಳು.

"ಬೇಸಿಗೆಯಲ್ಲಿ ನಾನು ಮರಳೊಳಗೆ ಇಳೀತೀನಿ," ಎಂದಿತು ಹೊಳೆ. "ನೋಡಿದವರು ಹೊಳೆ ಬತ್ತಿತು ಅಂತಾರೆ. ನಾನು ಬತ್ತಿರೋದಿಲ್ಲ ಕೆಂಚವ್ವ, ಅಡಿಯಲ್ಲಿ ಹರೀತಿರ್ತೀನಿ. ಎರಡು ಒರತೆ ಒಂದು ಕಡೆ ಕೂಡಿದರೆ ಅಲ್ಲಿ ಮೇಲಕ್ಕೆ ಬರ್ತೀನಿ."

ಕೆಂಚವ್ವ ಬಹಳ ಹೊತ್ತು ಯೋಚಿಸಿದಳು. ಹಳದಿ ಹೋಗಿಲ್ಲ, ಆ ಆರು ಮರಿಗಳ ಒಳಗೇ ಇಳಿದಿದೆ. ಅದರ ಜೊತೆಗೆ ಇನ್ನೊಂದು ಒರತೆ ಕೂಡಬೇಕು. ಅಂಥದ್ದು ಎಲ್ಲಿದೆ ಎಂದು ಊರೂರು ಕೇಳಿಕೊಂಡು ಹೊರಟಳು. ಕೊನೆಗೆ ಆಚೆ ದಂಡೆಯಲ್ಲಿ ಒಂದು ಹೆಣ್ಣು ಹಾವು ಸಿಕ್ಕಿತು. ಅದರ ಅಜ್ಜಿಯ ಕುತ್ತಿಗೆಯಲ್ಲೂ ಹಳದಿ ಮಚ್ಚೆ ಇತ್ತಂತೆ. ಹಾವು ಮಾತ್ರ ಮಣ್ಣಿನ ಬಣ್ಣದ್ದೇ.

ಚುಕ್ಕಿಯ ಮಗನಿಗೆ ಆ ಹೆಣ್ಣನ್ನು ಜೊತೆ ಮಾಡಿದಾಗ ಊರೆಲ್ಲ ನಕ್ಕಿತು. ಮಣ್ಣಿಗೆ ಮಣ್ಣು ಕೂಡಿಸಿ ಹೊನ್ನು ಕಾಯುತ್ತಾಳಂತೆ ಎಂದು ಗಾಳಿ ಮನೆಮನೆಗೂ ಹೋಗಿ ಹೇಳಿ ಬಂದಿತು. ಮತ್ತೆ ಆರು ಮೊಟ್ಟೆಗಳು. ಮತ್ತೆ ಎರಡು ತಿಂಗಳು. ಐದು ಮೊಟ್ಟೆಗಳಿಂದ ಮಣ್ಣಿನ ಬಣ್ಣದ ಮರಿಗಳು ಬಂದವು. ಆರನೆಯದು ಒಂದು ದಿನ ತಡ ಮಾಡಿತು. ಚಿಪ್ಪು ಸೀಳಿ ಒಂದು ಪುಟ್ಟ ಮೂತಿ ಹೊರಗೆ ಬಂದಿತು. ಅದು ಹಳದಿಯಾಗಿತ್ತು. ಹಿಂದೆಯೇ ಬಂದ ಕುತ್ತಿಗೆಯೂ ಹಳದಿ. ತಲೆಯಿಂದ ಬಾಲದವರೆಗೆ ಹೊಸ ಹೊನ್ನಿನಂಥ ಮೈ, ಅದರ ಮೇಲೆ ಹಾಲಿನಲ್ಲಿ ಬರೆದಂಥ ಬಳ್ಳಿಗಳು.

ಕೆಂಚವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ದ್ಯಾವಪ್ಪ ಬಂದು ನೋಡಿ, ಇದನ್ನು ನಾನು ಬರೆಯಲಾರೆ ತಂಗಿ ಎಂದು ತಲೆಯ ರುಮಾಲು ತೆಗೆದ.

ಅಲ್ಲಿಂದ ಅವಳ ಕೈ ಪಳಗಿತು. ಯಾವುದಕ್ಕೆ ಯಾವುದು ಕೂಡಿದರೆ ಏನಾದೀತು ಎಂದು ಹಗಲೆಲ್ಲ ಲೆಕ್ಕ ಹಾಕುವಳು. ವರ್ಷ ವರ್ಷವೂ ಹೊಸ ಬಗೆ ಬಂದವು. ಜೇನಿನ ಬಣ್ಣದ್ದು, ಬೂದಿಯ ಬಣ್ಣದ್ದು, ಬೆನ್ನ ಉದ್ದಕ್ಕೂ ಒಂದೇ ಗೆರೆಯದ್ದು.

ಒಮ್ಮೆ ಬೆಳುದಿಂಗಳಂಥ ಮರಿ ಹುಟ್ಟಿತು, ಮೈ ತುಂಬ ಕಪ್ಪು ನೂಲಿನ ಬಲೆ. ಅಷ್ಟು ಚೆಲುವಾದದ್ದನ್ನು ಯಾರೂ ಕಂಡಿರಲಿಲ್ಲ. ಗಾಳಿ ಓಡಿಬಂದು, ಇಂಥವೇ ನೂರು ಮಾಡು ಎಂದಿತು. ಆದರೆ ಆ ಮರಿಯ ತಲೆ ತೂಗಾಡುತ್ತಿತ್ತು. ಇಲಿಯ ಕಡೆ ಮೂತಿ ಚಾಚಿದರೆ ಗುರಿ ತಪ್ಪಿ ಗಡಿಗೆಗೆ ಬಡಿಯುತ್ತಿತ್ತು. ಕೆಂಚವ್ವ ಒಂದು ವಾರ ಅದರ ಮುಂದೆ ಕೂತು ನೋಡಿದಳು.

"ಇದನ್ನ ನಾನು ಕೈಯಾರೆ ಉಣಿಸಿ ಸಾಕ್ತೀನಿ," ಎಂದಳು. "ಇದಕ್ಕೆ ಜೊತೆ ಮಾಡೋದಿಲ್ಲ. ನೋಡೋರ ಕಣ್ಣು ತಂಪಾಗಲಿ ಅಂತ ಇದರ ಮಕ್ಕಳೂ ಹಿಂಗ ಒದ್ದಾಡಬೇಕೇನು?"

ಗಾಳಿ ಮುನಿಸಿಕೊಂಡು ಹೋಯಿತು. ಕೆಂಚವ್ವ ಮಾತು ಬದಲಿಸಲಿಲ್ಲ. ಆ ಬಿಳಿಯ ಹಾವು ಅವಳ ಮಡಿಲಲ್ಲೇ ಬಹಳ ವರ್ಷ ಬಾಳಿತು.

ಆ ಬಿಳಿಯ ಮರಿ ಹುಟ್ಟಿದ ಮುಂದಿನ ಸುಗ್ಗಿಯಲ್ಲಿ ಅವಳು ಗಟ್ಟಿಮುಟ್ಟಾದ ಇಪ್ಪತ್ತು ಹೊನ್ನಿನ ಹಾವುಗಳನ್ನು ಕಣಕ್ಕೆ ಬಿಟ್ಟಳು. ತಿರುಗುತ್ತಿದ್ದ ಎತ್ತುಗಳು ತಾವಾಗಿಯೇ ನಿಂತವು. ಕಾಲ ಬಳಿ ಹೊನ್ನಿನ ಉಂಡೆ ಹೊಳೆಯುತ್ತಿದ್ದರೆ ತುಳಿಯುವುದು ಹೇಗೆ? ಸುತ್ತಿ ಹಾದು ಹೋದವು. ಆ ವರ್ಷ ಒಂದು ಹಾವೂ ಸಾಯಲಿಲ್ಲ.

ಸೂರ್ಯ ಮೋಡ ಸರಿಸಿ ಬಗ್ಗಿ ನೋಡಿದ. "ಈ ಬಣ್ಣ ನಾನು ಕೊಟ್ಟದ್ದಲ್ಲ. ಎಲ್ಲಿಂದ ತಂದೆ?"

ಕೆಂಚವ್ವ ಸೆರಗು ಸರಿಪಡಿಸಿಕೊಂಡು ತಲೆಯೆತ್ತಿ ನಿಂತಳು. "ಎಲ್ಲಿಂದಲೂ ತರಲಿಲ್ಲ ನಮ್ಮಪ್ಪ. ಇವುಗಳೊಳಗೇ ಇತ್ತು. ನಾನು ಆರಿಸಿದೆ, ಕಾದೆ."

ಅದಕ್ಕೇ ಪುಟ್ಟೀ, ಇವತ್ತಿಗೂ ಸಾಕಿದ ಉಂಡೆಹಾವುಗಳಲ್ಲಿ ಒಂದರ ಮೈಯಂತೆ ಇನ್ನೊಂದರ ಮೈ ಇರುವುದಿಲ್ಲ. ಮಣ್ಣಿನ ಬಣ್ಣದ ತಾಯಿತಂದೆಯ ಮೊಟ್ಟೆಯಿಂದ ಒಮ್ಮೊಮ್ಮೆ ಹೊನ್ನಿನ ಮೂತಿಯೊಂದು ಹೊರಗೆ ಇಣುಕುತ್ತದೆ.