ಕೆಂಡಗೋಲು ಎರಡು ಗೇಣಿಗೇ ನಿಂತದ್ದೇಕೆ

ಲೋಕ ಇನ್ನೂ ಹೊಸದಾಗಿದ್ದಾಗ, ಬಿಸಿಲು ಬೀಳುವ ಒಂದು ಗುಡ್ಡದ ಇಳಿಜಾರಿನಲ್ಲಿ ಒಂದೇ ಒಂದು ನಿಯಮವಿತ್ತು. ನಡುಮಧ್ಯಾಹ್ನದಲ್ಲಿ ಯಾರ ನೆರಳೂ ತನ್ನ ಬುಡ ದಾಟಿ ಪಕ್ಕದ ಮಣ್ಣಿನ ಮೇಲೆ ಬೀಳಬಾರದು.

ನಿಯಮ ಮಾಡಿದವನು ಸೂರ್ಯ. ಬೆಳಗಿನ ಉದ್ದ ನೆರಳು, ಸಂಜೆಯ ಉದ್ದ ನೆರಳು ತಪ್ಪಲ್ಲ. ಅವನ್ನು ಎಳೆಯುವವನು ಅವನೇ. ಮಧ್ಯಾಹ್ನದ ನೆರಳು ಮಾತ್ರ ಗಿಡದ ಸ್ವಂತ ಹೊಣೆ.

ಈ ನಿಯಮವನ್ನು ಎಲ್ಲರೂ ಮುರಿದರು.

"ಎಲ್ಲರೂ ಅಂದ್ರೆ ಎಲ್ಲರೂನಾ ತಾತ?" ಎಂದು ಮೊಮ್ಮಗಳು ಮಾನ್ಯ ಕೇಳಿದಳು. ನಾವಿಬ್ಬರೂ ಆಗಷ್ಟೇ ಅಂಗಳದ ಬಿಸಿಲಿನ ಪಾತಿಯಲ್ಲಿ ಮೂರು ಕೆಂಡಗೋಲಿನ ಗಿಡ ನೆಟ್ಟು ಕೈ ತೊಳೆದಿದ್ದೆವು. ನರ್ಸರಿಯವರು ಅದನ್ನು ರೆಡ್ ಹಾಟ್ ಪೋಕರ್ ಅನ್ನುತ್ತಾರೆ. ಈ ಜಾತಿಯದು ಎರಡು ಗೇಣಿಗಿಂತ ಮೇಲೇಳುವುದಿಲ್ಲ, ಬಿಸಿಲಲ್ಲಿಡಿ, ಬುಡದಲ್ಲಿ ನೀರು ನಿಲ್ಲಬಾರದು ಎಂದಷ್ಟೇ ಹೇಳಿ ಕಳಿಸಿದ್ದರು. ಏಕೆ ಮೇಲೇಳುವುದಿಲ್ಲ ಎಂದು ಹೇಳಿರಲಿಲ್ಲ. ಅದೇ ಅವಳ ಪ್ರಶ್ನೆ.

"ಒಬ್ಬರನ್ನು ಬಿಟ್ಟು" ಎಂದೆ. "ಮುರಿದದ್ದು ಹೇಗೆ ಅಂತ ಮೊದಲು ಕೇಳು. ಒಂದೇ ಸಲಕ್ಕೆ ಮುರಿಯಲಿಲ್ಲ."

ಆಗ ಆ ಇಳಿಜಾರಿನಲ್ಲಿ ಎಲ್ಲ ಗಿಡಗಳೂ ಎರಡು ಗೇಣಿನವೇ. ಕಾಬಾಳೆಯೂ ಎರಡು ಗೇಣು, ದಾಸವಾಳವೂ ಎರಡು ಗೇಣು, ಕೆಂಡಗೋಲೂ ಎರಡು ಗೇಣು. ಕೆಂಡಗೋಲಿನ ಹೂವಿಗೆ ಆಗ ಬಣ್ಣವಿರಲಿಲ್ಲ, ತೊಳೆದ ಅಕ್ಕಿಯಂತೆ ಬೆಳ್ಳಗಿತ್ತು. ಎಲೆ ಕಾಬಾಳೆಯ ಎಲೆಯಷ್ಟೇ ಅಗಲವಿತ್ತು.

ಒಂದು ದಿನ ಗಾಳಿ ಗುಡ್ಡ ಹತ್ತಿ ಈ ಕಡೆಗೆ ಇಳಿಯಿತು.

"ಗುಡ್ಡದ ಆಚೆ ಏನಿದೆ ಗೊತ್ತಾ?" ಎಂದು ಕೇಳಿತು.

"ಏನಿದೆ?" ಎಂದವು ಎಲ್ಲ ಗಿಡಗಳು.

"ಹೇಳಿದರೆ ಏನು ಚಂದ? ನೋಡಬೇಕು" ಎಂದು ಗಾಳಿ ಹೊರಟೇ ಹೋಯಿತು.

ಆ ರಾತ್ರಿ ಯಾವ ಗಿಡಕ್ಕೂ ನೆಮ್ಮದಿಯಿಲ್ಲ. ಎಲ್ಲಕ್ಕಿಂತ ಹೆಚ್ಚು ಚಡಪಡಿಸಿದ್ದು ಕೆಂಡಗೋಲು. ಆಚೆ ನೀರಿದೆಯೋ? ಬೇರೆ ಬಣ್ಣದ ಮಣ್ಣಿದೆಯೋ? ಅಲ್ಲಿನ ಗಿಡಗಳು ಈ ಕಡೆಗೆ ನೋಡುತ್ತಿವೆಯೋ? ಯೋಚಿಸಿ ಯೋಚಿಸಿ ಅದರ ದಂಟೇ ತುರಿಸತೊಡಗಿತು.

ಬೆಳಗಾದಾಗ ಕಾಬಾಳೆ ಒಂದು ಬೆರಳು ಎದ್ದಿತ್ತು. "ಒಂದೇ ಬೆರಳು" ಎಂದಿತು.

ಮರುದಿನ ದಾಸವಾಳ ಎರಡು ಬೆರಳು ಎದ್ದಿತು. "ಕಾಬಾಳೆಗಿಂತ ಒಂದೇ ಬೆರಳು" ಎಂದಿತು.

ಅದರ ಮರುದಿನ ಕಾಬಾಳೆ ಮೂರು ಬೆರಳಾಯಿತು. "ದಾಸವಾಳಕ್ಕಿಂತ ಒಂದೇ ಬೆರಳು."

ಹೀಗೆ ಒಂದೇ ಬೆರಳು, ಒಂದೇ ಬೆರಳು ಅನ್ನುತ್ತ ಅವು ಆಳೆತ್ತರ ಬೆಳೆದವು. ಕಾಬಾಳೆಗೆ ಕಂಡದ್ದು ದಾಸವಾಳದ ಬೆನ್ನು, ದಾಸವಾಳಕ್ಕೆ ಕಂಡದ್ದು ಕಾಬಾಳೆಯ ಬೆನ್ನು. ಗುಡ್ಡದ ಆಚೆ ಇನ್ನೂ ಯಾರಿಗೂ ಕಂಡಿರಲಿಲ್ಲ.

"ಹಂಗಾದ್ರೆ ವೇಸ್ಟ್ ಅಲ್ವಾ ತಾತ?"

"ಅವರು ಹಾಗೆ ಅಂದುಕೊಳ್ಳಲಿಲ್ಲ. ಇನ್ನೊಂದು ಬೆರಳು ಎದ್ದರೆ ಕಾಣುತ್ತೆ ಅಂದುಕೊಂಡರು."

ಆ ನೆರಳುಗಳ ಕೆಳಗೆ ಒಂದು ಹಾವುರಾಣಿ ಓಡಾಡುತ್ತಿತ್ತು. ಮೈ ಮಿರಮಿರ ಹೊಳೆಯುವ, ಹಾವಿನಂತೆ ಕಂಡರೂ ಯಾರಿಗೂ ಕೆಡುಕು ಮಾಡದ ಹಾವುರಾಣಿ. ಅವಳಿಗೆ ಐದು ಮೊಟ್ಟೆ. ಮೊಟ್ಟೆಯ ಮೇಲೆ ಕೂತು ಕಾವು ಕೊಡಲು ಅವಳೇನು ಕೋಳಿಯಲ್ಲ. ಬಿಸಿಲಿಗೆ ಕಾದ ಮಣ್ಣೇ ಅವುಗಳಿಗೆ ಕಾವು. ಮಣ್ಣು ತಣ್ಣಗಾದರೆ ಮರಿ ಹೊರಬರುವುದಿಲ್ಲ.

ಮೊದಲು ಅವಳು ಮೊಟ್ಟೆಗಳನ್ನು ಕಾಬಾಳೆಯ ಪಕ್ಕದಲ್ಲಿಟ್ಟಿದ್ದಳು. ನೆರಳು ಬಿತ್ತು. ಮೂತಿಯಿಂದ ಒಂದೊಂದನ್ನೇ ಉರುಳಿಸಿಕೊಂಡು ದಾಸವಾಳದ ಪಕ್ಕಕ್ಕೆ ಬಂದಳು. ಅಲ್ಲೂ ನೆರಳು ಬಿತ್ತು.

"ದಾಸವಾಳಕ್ಕ, ಸ್ವಲ್ಪ ತಗ್ಗು. ನನ್ನ ಮೊಟ್ಟೆ ತಣ್ಣಗಾಗ್ತಿವೆ."

"ಕಾಬಾಳೆಗೆ ಹೇಳು ಹೋಗು. ಶುರು ಮಾಡಿದ್ದು ಅವನು."

"ಕಾಬಾಳೆಯಣ್ಣ, ನೀನಾದರೂ?"

"ನಾನು ತಗ್ಗಿದರೆ ಅವಳು ತಗ್ಗುತ್ತಾಳಾ? ಮೊದಲು ಅವಳು ತಗ್ಗಲಿ, ಆಮೇಲೆ ನೋಡೋಣ."

ಹಾವುರಾಣಿ ಮತ್ತೆ ಉರುಳಿಸಿದಳು. ಕೊನೆಗೆ ಕೆಂಡಗೋಲಿನ ಪಕ್ಕಕ್ಕೆ ಬಂದಳು. ಇಳಿಜಾರಿನಲ್ಲಿ ಬಿಸಿಲು ಉಳಿದಿದ್ದ ಮಣ್ಣು ಅದೊಂದೇ. ಐದು ಮೊಟ್ಟೆಗಳನ್ನು ಸಾಲಾಗಿಟ್ಟು ತಲೆಯೆತ್ತಿ ನೋಡಿದಳು.

"ನೀನೂ ಏಳ್ತೀಯಾ?" ಎಂದು ಕೇಳಿದಳು.

ಕೆಂಡಗೋಲು ಮರುದಿನ ಏಳುವುದೆಂದು ನಿಶ್ಚಯಿಸಿಯಾಗಿತ್ತು. ಅದಕ್ಕೆ ಬೇಕಾದ ಸತ್ವವನ್ನೆಲ್ಲ ಬೇರಿನಿಂದ ದಂಟಿಗೆ ಎಳೆದುಕೊಂಡೂ ಆಗಿತ್ತು.

ಅಷ್ಟರಲ್ಲಿ ಗಾಳಿ ಬಂತು. ನೆಲದ ಮೇಲೆ ಸುಳಿದು ಅಳೆದು ನೋಡಿತು.

"ಒಂದು ಬೆರಳು ಎದ್ದರೆ ನಿನ್ನ ನೆರಳು ಎಲ್ಲಿಗೆ ಬರುತ್ತೆ ನೋಡು. ಈ ತುದಿಯ ಮೊಟ್ಟೆಯ ಮೇಲೆ, ಅಷ್ಟೇ. ಉಳಿದ ನಾಲ್ಕಕ್ಕೆ ಏನೂ ಆಗಲ್ಲ. ಒಂದು ಬೆರಳಿಗೆ ಒಂದು ಮೊಟ್ಟೆ. ಆಚೆ ನೋಡುವ ಆಸೆ ಇಲ್ಲವಾ ನಿನಗೆ?"

"ಇದೆ" ಎಂದಿತು ಕೆಂಡಗೋಲು. "ನಿನ್ನೆಗಿಂತ ಇವತ್ತು ಜಾಸ್ತಿ ಇದೆ."

"ಮತ್ತೆ?"

"ಆ ತುದಿಯ ಮೊಟ್ಟೆ ಯಾವುದು ಅಂತ ನೀನು ತೋರಿಸಿಬಿಟ್ಟೆಯಲ್ಲ. ಇನ್ನು ಹೇಗೆ ಏಳಲಿ?"

ಅದು ಏಳಲಿಲ್ಲ. ಏಳುವುದಿರಲಿ, ತನ್ನ ಅಗಲ ಎಲೆಗಳನ್ನು ಮಡಿಚಿತು, ಇನ್ನೂ ಮಡಿಚಿತು, ಹುಲ್ಲಿನಷ್ಟು ಸಪೂರ ಮಾಡಿಕೊಂಡಿತು. ಅದರ ನೆರಳು ನೂಲಿನ ಎಳೆಯಷ್ಟಾಯಿತು.

"ಅಯ್ಯೋ ಕುಳ್ಳ, ಈಗ ಹುಲ್ಲೂ ಆದೆಯಾ?" ಎಂದು ಕಾಬಾಳೆ ಮೇಲಿನಿಂದ ನಕ್ಕಿತು.

ಆದರೆ ಕಾಬಾಳೆ, ದಾಸವಾಳ ಬೆಳೆಯುವುದನ್ನು ನಿಲ್ಲಿಸಲಿಲ್ಲ. ದಿನ ಕಳೆದಂತೆ ಅವುಗಳ ನೆರಳು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಒಂದು ಮಧ್ಯಾಹ್ನ ಐದು ಮೊಟ್ಟೆಗಳ ಮೇಲೂ ನೆರಳು ಬಿತ್ತು. ಕೆಂಡಗೋಲಿನ ಮೈಮೇಲೂ ಬಿತ್ತು. ಬಿಸಿಲು ಉಳಿದದ್ದು ಅದರ ಹೂವಿನ ತುತ್ತತುದಿಯಲ್ಲಿ ಮಾತ್ರ.

ಹಾವುರಾಣಿಗೆ ಇನ್ನು ಉರುಳಿಸಿಕೊಂಡು ಹೋಗಲು ಜಾಗವೇ ಇರಲಿಲ್ಲ. ಅವಳು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡಳು. ಅವಳ ಮೈಯೂ ತಣ್ಣಗಿತ್ತು.

ಎಲೆಗಳ ಸಂದಿಯಿಂದ ಸೂರ್ಯ ಇಣುಕಿದ.

"ಕೆಂಡಗೋಲೇ, ನೀನೊಬ್ಬನೇ ನನ್ನ ಮಾತು ಉಳಿಸಿದವನು. ಹೀಗೇ ನಿಂತರೆ ಬಾಡಿಹೋಗುತ್ತೀಯ. ಒಂದು ಬೆರಳು ಎದ್ದು ಬಾ. ನಿಯಮ ಮಾಡಿದ ನಾನೇ ಒಪ್ಪಿಗೆ ಕೊಡ್ತಿದ್ದೇನೆ."

"ನೀವು ಒಪ್ಪಬಹುದು ಸ್ವಾಮಿ" ಎಂದಿತು ಕೆಂಡಗೋಲು. "ಮೊಟ್ಟೆಗೆ ಒಪ್ಪಿಗೆ ಗಿಪ್ಪಿಗೆ ಏನು ಗೊತ್ತು? ಅದಕ್ಕೆ ಗೊತ್ತಾಗೋದು ಚಳಿ ಒಂದೇ. ನನಗೆ ಕೊಡೋದಿದ್ದರೆ ನನ್ನ ಹೂವಿನ ಈ ತುದಿಗೆ ಬಿಸಿಲು ಕೊಡಿ. ಎಷ್ಟು ಬಿಸಿ ಇದ್ದರೂ ಸರಿ."

ಸೂರ್ಯ ಕೊಟ್ಟ. ತುದಿ ಕಾಯಿತು, ಕೆಂಪೇರಿತು, ಒಲೆಯಿಂದ ಎಳೆದ ಕೆಂಡದಂತೆ ಉರಿಯಿತು. ಕೆಂಡಗೋಲು ಆ ಬಿಸಿಯನ್ನು ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ದಂಟಿನೊಳಗಿಂದ ಕೆಳಕ್ಕೆ ಇಳಿಸಿತು. ಕೆಳಗಿನ ಸಾಲಿನ ಹೂಗಳ ಬಾಯಿ ತೆರೆದು, ನೆಲದ ಕಡೆ ಬಗ್ಗಿಸಿ, ಹಳದಿ ಬಿಸಿಲನ್ನು ಮೊಟ್ಟೆಗಳ ಮೇಲೆ ಸುರಿಯಿತು. ಒಂದು ಸಾಲು ಖಾಲಿಯಾದರೆ ಅದರ ಮೇಲಿನ ಸಾಲು ತೆರೆಯಿತು.

ಆರನೆಯ ದಿನ ಮೊಟ್ಟೆಗಳು ಒಡೆದವು.

"ಎಷ್ಟು?" ಎಂದು ಮಾನ್ಯ ತಟ್ಟನೆ ಕೇಳಿದಳು.

"ಐದೂ. ತುದಿಯದು ಎಲ್ಲಕ್ಕಿಂತ ಮೊದಲು."

ಮರಿಗಳು ತಾಯಿಯ ಹಿಂದೆ ಸರಸರ ಹುಲ್ಲಿಗೆ ನುಗ್ಗಿ ಮರೆಯಾದವು. ಗಾಳಿ ಮತ್ತೆ ಬಂತು. ಈ ಸಲ ಅದರ ದನಿ ಮೆತ್ತಗಿತ್ತು.

"ಈಗ ನಿನ್ನ ಪಕ್ಕದಲ್ಲಿ ಮೊಟ್ಟೆ ಇಲ್ಲ. ಬರೀ ಮಣ್ಣು. ಈಗಲಾದರೂ ಏಳು. ಒಂದು ಸಲ ಆಚೆ ನೋಡಿ ಬಾ."

ಕೆಂಡಗೋಲು ಗುಡ್ಡದ ನೆತ್ತಿಯನ್ನು ಬಹಳ ಹೊತ್ತು ನೋಡಿತು. ಆಮೇಲೆ ಪಕ್ಕದ ಮಣ್ಣನ್ನು ನೋಡಿತು.

"ಬರುವ ವರ್ಷವೂ ಅವಳು ಮೊಟ್ಟೆ ಇಡಬೇಕಲ್ಲ" ಎಂದಿತು.

ಅದಕ್ಕೇ, ಮಗು, ಅಂಗಳದ ಪಾತಿಯಲ್ಲಿ ಉಳಿದ ಗಿಡಗಳೆಲ್ಲ ಒಂದಕ್ಕಿಂತ ಒಂದು ಎತ್ತರ ಏಳುತ್ತಿದ್ದರೂ ನಮ್ಮ ಕೆಂಡಗೋಲು ಎರಡು ಗೇಣಿಗೇ ನಿಂತು, ಕೆಂಪು ತುದಿಯನ್ನು ಬಿಸಿಲಿಗೊಡ್ಡಿ, ಕೆಳಗಿನ ಹಳದಿ ಹೂಗಳನ್ನು ಸಾಲು ಸಾಲಾಗಿ ಬರಿಯ ನೆಲದ ಕಡೆಗೆ ಬಗ್ಗಿಸುತ್ತದೆ.